ಗಂಗಾಲಕ್ಷ್ಮಿಗೆ ಅರ್ಥವಾಗದ ಜಾಗಗಳು

ಶ್ರೀನಿವಾಸಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಗೊಬ್ಬರದ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ, ಗಂಗಾಲಕ್ಷ್ಮಿಯ ಡಿಟಿಪಿ ಅಂಗಡಿ ಇದೆ. ಜೆರಾಕ್ಸು, ಲ್ಯಾಮಿನೇಶನ್ನು, ಪಹಣಿ ಅರ್ಜಿ, ಮದುವೆಯ ಕರೆಯೋಲೆ, ತಿಥಿ ಕಾರ್ಡು ಎಲ್ಲವೂ ಅಲ್ಲಿ ಆಗುತ್ತದೆ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕಿನಲ್ಲಿ ಪುಸ್ತಕ ಬರೆಯುವ ಯಾರನ್ನೇ ಕೇಳಿ, ಒಂದಲ್ಲ ಒಂದು ದಿನ ಹಸ್ತಪ್ರತಿಯ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಆ ಮೆಟ್ಟಿಲು ಹತ್ತಿದವರೇ. ಇಪ್ಪತ್ತೆರಡು ವರ್ಷದಲ್ಲಿ ಅವಳು ನೂರಾ ಎಪ್ಪತ್ತು ಪುಸ್ತಕ ಟೈಪು ಮಾಡಿದ್ದಾಳೆ. ಅವುಗಳಲ್ಲಿ ಬಹುಪಾಲನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವಳು ಲೋಕದಲ್ಲಿ ಅವಳೊಬ್ಬಳೇ. ಇದು ಬರೆದವರಿಗೂ ಗೊತ್ತಿರಲಿಲ್ಲ.

ಅವಳ ತವರು ಆಂಧ್ರದ ಗಡಿಯ ಹತ್ತಿರದ ರಾಯಲ್ಪಾಡು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕನ್ನಡವನ್ನು ಅವಳು ಕಲ್ಲು ಆರಿಸಿ ಅಕ್ಕಿ ತೆಗೆಯುವ ಹಾಗೆ ಒಂದೊಂದೇ ಪದವಾಗಿ ಕಲಿತಳು. ಹಾಗಾಗಿ ಅರ್ಥವಾಗದ ವಾಕ್ಯವನ್ನು ದಾಟಿ ಮುಂದೆ ಹೋಗುವುದು ಅವಳಿಗೆ ಬರುವುದಿಲ್ಲ. ತರಗತಿಯಲ್ಲಿ ಎಷ್ಟು ಸಲ ಕೈ ಎತ್ತುತ್ತಿದ್ದಳೆಂದರೆ ಕನ್ನಡ ಮೇಷ್ಟ್ರು ಅವಳನ್ನು ಕಿಟಕಿಯ ಕಡೆ ತಿರುಗಿಸಿ ಕೂರಿಸಿದ್ದರು. ಟೈಪಿಂಗ್ ಪರೀಕ್ಷೆ ಪಾಸು ಮಾಡಿದ ಮೇಲೆ ಸುರೇಶನ ಜೊತೆ ಮದುವೆಯಾಯಿತು. ಅವನು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್. "ಈ ಊರಲ್ಲಿ ಬರೆದಿದ್ದನ್ನ ಜನ ಎರಡೆರಡು ಸಲ ಓದೋ ರೈಟರ್ ಅಂದ್ರೆ ನಾನೊಬ್ಬನೇ ಕಣೇ" ಎಂದು ಅವನು ಆಗಾಗ ಹೇಳಿಕೊಳ್ಳುತ್ತಿದ್ದ.

ಅವನ ಮಾತು ಸುಳ್ಳಾಗಿರಲಿಲ್ಲ. ನಾಲ್ಕು ತಾಲ್ಲೂಕಿನ ಬರಹಗಾರರೆಲ್ಲ ಸೇರಿ ಗಡಿಸೀಮೆ ಸಾಹಿತ್ಯ ಬಳಗ ಎಂದು ಕಟ್ಟಿಕೊಂಡಿದ್ದರು. ತಿಂಗಳಿಗೊಮ್ಮೆ ಕೋಲಾರದಲ್ಲಿ ಒಂದು ಪುಸ್ತಕದ ಮೇಲೆ ಸಂವಾದ. ಮಾತಾಡುವವರು ಹತ್ತು ನಿಮಿಷದಲ್ಲಿ ಎಂಟು ನಿಮಿಷ ಲೇಖಕರ ಸರಳತೆಯನ್ನೂ ಉಳಿದೆರಡು ನಿಮಿಷ ಮುಖಪುಟವನ್ನೂ ಹೊಗಳಿ ಕುಳಿತುಕೊಳ್ಳುತ್ತಿದ್ದರು. ಬಳಗದ ವಾಟ್ಸಾಪ್ ಗುಂಪಿನಲ್ಲಿ ಪದ್ಯ ಬಿದ್ದ ಎಂಟನೇ ಸೆಕೆಂಡಿಗೆ "ಹೃದ್ಯ" ಎಂಬ ಉತ್ತರ ಬರುತ್ತಿತ್ತು. ಪದ್ಯ ಓದಲು ಹದಿನೈದು ಸೆಕೆಂಡಾದರೂ ಬೇಕಿತ್ತು. ಮುನ್ನುಡಿಗಳಂತೂ ಪುಸ್ತಕ ಮುಗಿಯುವುದಕ್ಕೆ ಮೊದಲೇ ಬಂದುಬಿಡುತ್ತಿದ್ದವು. ಒಬ್ಬ ಹಿರಿಯರು ಒಂದೇ ಮುನ್ನುಡಿಯನ್ನು ಮೂರು ಪುಸ್ತಕಕ್ಕೆ ಕೊಟ್ಟಿದ್ದರು. ಮೂರನೆಯದರಲ್ಲಿ ಎರಡನೆಯವರ ಹೆಸರನ್ನು ತೆಗೆಯಲು ಮರೆತಿದ್ದರು. ಗಂಗಾಲಕ್ಷ್ಮಿಯೇ ಅದನ್ನು ಸದ್ದಿಲ್ಲದೆ ತಿದ್ದಿ ಅಚ್ಚಿಗೆ ಕಳಿಸಿದಳು.

ತಿದ್ದುವುದು ಬೇರೆ, ಹೇಳುವುದು ಬೇರೆ. ಹೇಳುವುದಕ್ಕೆ ಅವಳು ಶುರುಮಾಡಿದ್ದು ಉಮಾಶಂಕರ್ ಕಾದಂಬರಿಯಿಂದ. ಮಾಲೂರಿನ ಉಮಾಶಂಕರ್ ವಿಮಾ ಏಜೆಂಟು, ವರ್ಷಕ್ಕೊಂದು ಕಾದಂಬರಿ ಬರೆಯುತ್ತಿದ್ದ. ಅವಳು ಫೋನು ಮಾಡಿದಳು.

"ಸಾರ್, ಮೂರನೇ ಅಧ್ಯಾಯದಲ್ಲಿ ನಿಮ್ಮ ಹೀರೋ ತಾಯಿ ತೀರ್ಕೊಂಡ್ರು. ಹನ್ನೊಂದರಲ್ಲಿ ಅವರೇ ಒಲೆ ಮುಂದೆ ಕೂತು ಮುದ್ದೆ ತೊಳಸ್ತಾ ಅವ್ರೆ."

ಆ ಕಡೆ ಉಮಾಶಂಕರ್ ಗಂಟಲು ಸರಿಮಾಡಿಕೊಂಡ. ಆಮೇಲೆ, "ಅದು ಮಾಂತ್ರಿಕ ವಾಸ್ತವ ಮೇಡಂ. ನಿಮಗೆ ತಿಳಿಯಲ್ಲ."

"ಹಂಗಾದ್ರೆ ಹನ್ನೆರಡರಲ್ಲಿ ಅವರ ವರ್ಷದ ತಿಥಿ ಬರುತ್ತಲ್ಲ ಸಾರ್, ಅದಕ್ಕೂ ಅವರೇನಾ ಅಡುಗೆ?"

ಮಾರನೆಯ ದಿನ ಉಮಾಶಂಕರ್ ಖುದ್ದಾಗಿ ಬಂದು, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು, "ಹನ್ನೊಂದರಲ್ಲಿ ಅಮ್ಮನ್ನ ಚಿಕ್ಕಮ್ಮ ಮಾಡ್ಬಿಡಿ" ಎಂದು ಹೇಳಿ ಹೋದ.

ಇದರಿಂದ ಗಂಗಾಲಕ್ಷ್ಮಿಗೆ ಧೈರ್ಯ ಬಂತು, ಸ್ವಲ್ಪ ಹೆಚ್ಚೇ ಬಂತು. ಮುಂದಿನ ತಿಂಗಳು ಕ್ಯಾಲನೂರಿನ ಕದಿರಪ್ಪ ಪದ್ಯಗಳನ್ನು ತಂದ. ಹಾಲಿನ ಡೈರಿಯ ಕಾರ್ಯದರ್ಶಿ, ಮಾತು ಕಮ್ಮಿ, ಅಂಗಿಯ ಜೇಬಿನಲ್ಲಿ ಸದಾ ಎರಡು ಪೆನ್ನು. ಟೈಪು ಮುಗಿದ ದಿನ ಅವಳು ನಾಲ್ಕು ಜನರ ಎದುರಿಗೇ ಹೇಳಿಬಿಟ್ಟಳು: "ಏನ್ ಸಾರ್ ಇದು, ನಲವತ್ತು ಪದ್ಯದಾಗೆ ಮೂವತ್ತೆರಡರಲ್ಲಿ ಬೆಳದಿಂಗಳು! ನಿಮ್ಮೂರಲ್ಲಿ ಅಮಾವಾಸ್ಯೆನೇ ಬರಲ್ವಾ?"

ಜೆರಾಕ್ಸಿಗೆ ನಿಂತವರು ನಕ್ಕರು. ಕದಿರಪ್ಪನೂ ನಕ್ಕ, ಹಾಳೆಗಳನ್ನು ಜೋಡಿಸಿಕೊಂಡ, "ಬರ್ತೀನಿ ತಾಯಿ" ಎಂದು ಹೊರಟ. ಎರಡು ತಿಂಗಳಾದರೂ ಬರಲಿಲ್ಲ. ಬರೆಯುವುದನ್ನೇ ಬಿಟ್ಟಿದ್ದಾನೆಂದು ಯಾರೋ ಹೇಳಿದರು.

ಅವಳಿಗೆ ಅನ್ನ ಸೇರಲಿಲ್ಲ. ಆ ನಲವತ್ತರಲ್ಲಿ ಒಂದು ಪದ್ಯವಿತ್ತು. ಕರು ಸತ್ತ ಮೇಲೆ ಹಾಲು ಬಿಡದ ಹಸುವಿನ ಮುಂದೆ ಒಬ್ಬ ಖಾಲಿ ಪಾತ್ರೆ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಾನೆ, ಅಷ್ಟೇ. ಅದನ್ನು ಟೈಪು ಮಾಡುವಾಗ ಅವಳು ಕೀಬೋರ್ಡಿನಿಂದ ಕೈ ತೆಗೆದು ಮತ್ತೊಮ್ಮೆ ಓದಿದ್ದಳು. ಚಂದ್ರನ ಲೆಕ್ಕ ಹೇಳಿದವಳು ಇದನ್ನೇಕೆ ಹೇಳಲಿಲ್ಲ? ಹೇಳಿದ್ದರೆ ನಾಲ್ಕು ಜನ ನಗುತ್ತಿರಲಿಲ್ಲ, ಅದಕ್ಕೇ ಹೇಳಲಿಲ್ಲ. ಇದು ಹೊಳೆದಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಭಾನುವಾರ ಬಸ್ಸು ಹತ್ತಿ ಕೋಲಾರಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕ್ಯಾಲನೂರಿಗೆ ಹೋದಳು. ಸಂಜೆಯ ಹಾಲು ಅಳೆಯುವ ಹೊತ್ತು. ಕದಿರಪ್ಪ ಡೈರಿಯಲ್ಲಿದ್ದ.

"ಸಾರ್, ಇಪ್ಪತ್ತಮೂರನೇ ಪುಟದ ಹಸುವಿನ ಪದ್ಯ ನನ್ನ ಎರಡು ದಿನ ಬಿಡಲಿಲ್ಲ. ಅದರಲ್ಲಿ ಬೆಳದಿಂಗಳು ಇಲ್ಲ. ಯಾಕೆ ಹಾಕಲಿಲ್ಲ?"

ಕದಿರಪ್ಪ ಕ್ಯಾನಿನ ಮುಚ್ಚಳ ಹಿಡಿದುಕೊಂಡೇ ಯೋಚಿಸಿದ. "ಆವತ್ತು ಮೋಡ ಇತ್ತಮ್ಮ."

"ಉಳಿದ ಮೂವತ್ತೆರಡು ದಿನ?"

"ಅವು..." ಎಂದು ತಲೆ ಕೆರೆದುಕೊಂಡ. "ಅವು ಮನೇಲಿ ಕೂತು ಬರೆದಿದ್ದು."

ಆ ವಾರದಲ್ಲೇ ಅವನು ಹಾಳೆಗಳನ್ನು ವಾಪಸು ತಂದ. ಇಪ್ಪತ್ತೆಂಟು ಚಂದ್ರರು ಹೋಗಿದ್ದರು. ಹನ್ನೆರಡು ಪದ್ಯದ ತೆಳ್ಳನೆಯ ಪುಸ್ತಕವಾಯಿತು.

ಅಂದಿನಿಂದ ಗಂಗಾಲಕ್ಷ್ಮಿ ತನಗೇ ಒಂದು ಕಟ್ಟಳೆ ಮಾಡಿಕೊಂಡಳು. ಹೇಳುವುದನ್ನು ಬರೆದವರೊಬ್ಬರಿಗೇ ಹೇಳಬೇಕು. ತನ್ನ ಕೈ ನಿಂತ ಜಾಗ ಯಾವುದೆಂದು ಮೊದಲು ಹೇಳಬೇಕು. ತಪ್ಪು ಕಂಡಲ್ಲಿ "ತಪ್ಪು" ಎನ್ನದೆ, ಪುಟದ ಸಂಖ್ಯೆ ತೋರಿಸಿ, "ಈ ಜಾಗ ನನಗೆ ಅರ್ಥ ಆಗಲಿಲ್ಲ ಸಾರ್, ಸ್ವಲ್ಪ ಹೇಳ್ತೀರಾ?" ಎಂದು ಕೇಳಬೇಕು. ಬರೆದವರು ಬಾಯಲ್ಲಿ ಬಿಡಿಸಿ ಹೇಳುತ್ತಿದ್ದರು, ಬರೆದದ್ದಕ್ಕಿಂತ ಅದು ಚೆನ್ನಾಗಿರುತ್ತಿತ್ತು. "ಇದನ್ನೇ ಬರೀರಿ ಸಾರ್" ಎನ್ನುತ್ತಿದ್ದಳು. ನಾಲ್ಕು ತಾಲ್ಲೂಕಿನ ಬರಹಗಾರರು ಒಬ್ಬರಿಗೊಬ್ಬರು ತಿಳಿಯದಂತೆ ಅವಳಲ್ಲಿಗೆ ಬರತೊಡಗಿದರು. ಸಲಹೆಗೆ ಬಂದೆವೆಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಎಲ್ಲರೂ ಬರುತ್ತಿದ್ದದ್ದು "ಒಂದು ಸ್ವಲ್ಪ ಕಾಗುಣಿತ ನೋಡಿಸೋಕೆ."

ಹೀಗಿರುವಾಗ ಬಳಗದ ಅಧ್ಯಕ್ಷ ವೆಂಕಟರಮಣಪ್ಪನವರು ತಮ್ಮ ಆತ್ಮಕಥೆಯನ್ನು ತಂದರು. ಶಿರಸ್ತೇದಾರರಾಗಿ ನಿವೃತ್ತರಾದವರು, ವಯಸ್ಸು ಅರವತ್ತೆಂಟು, ಇಸ್ತ್ರಿ ಮಡಿಕೆ ಮುರಿಯದ ಬಿಳಿ ಅಂಗಿ. ಪುಸ್ತಕದ ಹೆಸರು 'ಕಡತದೊಳಗಿನ ಕಮಲ'. ನಾನೂರಾ ಹನ್ನೆರಡು ಪುಟ. ಅದರಲ್ಲಿ ಅವರು ಹುಟ್ಟುತ್ತಲೇ ಪ್ರಾಮಾಣಿಕರು. ಮೇಲಧಿಕಾರಿಗಳು ಅವರನ್ನು ಕಂಡು ಬೆರಗಾಗುತ್ತಾರೆ, ಕೆಳಗಿನವರು ಕಣ್ಣೀರು ಹಾಕುತ್ತಾರೆ. ಮುಳಬಾಗಿಲಿನಿಂದ ವರ್ಗವಾದಾಗಿನ ಬೀಳ್ಕೊಡುಗೆ ಭಾಷಣಗಳು ಹದಿನಾಲ್ಕು ಪುಟ, ಸ್ವಾಗತ ಭಾಷಣವೂ ಸೇರಿ. ಹೆಂಡತಿ ರಾಮಲಕ್ಷ್ಮಮ್ಮ ಮೂರು ಸಾಲಿನಲ್ಲಿ ಬರುತ್ತಾರೆ. ಒಂದರಲ್ಲಿ ಮದುವೆ, ಇನ್ನೊಂದರಲ್ಲಿ ಕಾಫಿ, ಕೊನೆಯದರಲ್ಲಿ ಕೃತಜ್ಞತೆ.

ಮೂವತ್ತೊಂದನೇ ಹಾಳೆಯ ಹಿಂಬದಿಯಲ್ಲಿ ಮಾತ್ರ ಬೇರೆಯದೇ ಇತ್ತು. ಪೆನ್ಸಿಲಿನಲ್ಲಿ ಬರೆದು, ಮೇಲೆ ಪೆನ್ನಿನಲ್ಲಿ ಅಡ್ಡಡ್ಡ ಗೀಚಿ ಹೊಡೆದುಹಾಕಿದ್ದರು. ವೆಂಕಟರಮಣಪ್ಪ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿದ್ದರು. ಒಂದಲ್ಲ, ಎರಡು ಸಲ. ಯಲ್ದೂರಿನಲ್ಲಿ ಮಾವಿನ ತೋಪು ಕಾಯುತ್ತಿದ್ದ ತಂದೆ ಮುನಿಯಲ್ಲಪ್ಪನಿಗೆ ಓದು ಬರುತ್ತಿರಲಿಲ್ಲ. ಮಗ ರಾಗಿ ತುಂಬಿಡುವ ಮಣ್ಣಿನ ವಾಡೆಯಲ್ಲಿ ಬಚ್ಚಿಟ್ಟಿದ್ದ ಮೊದಲ ಅಂಕಪಟ್ಟಿ ಅವನ ಕೈಗೆ ಸಿಕ್ಕಿತು. ಪಾಸಾದ ಕಾಗದವೆಂದು ತಿಳಿದು ಶ್ರೀನಿವಾಸಪುರಕ್ಕೆ ನಡೆದುಹೋಗಿ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ನೇತುಹಾಕಿದ. ದಿನಾ ಸಂಜೆ ದೇವರಿಗೆ ತೋರಿಸಿದ ದೀಪವನ್ನು ಅದಕ್ಕೂ ತೋರಿಸುತ್ತಿದ್ದ. ಮಗ ಹಿಂದೆ ಕೈಮುಗಿದು ನಿಂತಿರುತ್ತಿದ್ದ.

ಗಂಗಾಲಕ್ಷ್ಮಿ ಕೈ ತೆಗೆದು ಕುಳಿತಳು. ಮಾರನೆಯ ದಿನ ವೆಂಕಟರಮಣಪ್ಪನವರು ಬಂದಾಗ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಸಾರ್, ನಾನ್ನೂರು ಪುಟದಲ್ಲಿ ನನ್ನ ಕೈ ನಿಂತಿದ್ದು ಈ ಒಂದು ಹಾಳೆ ಹತ್ರ."

ಅವರು ಹಾಳೆಯನ್ನು ನೋಡಿದರು. ಮುಖ ಕೆಂಪಾಯಿತು. "ಅದು ಹೊಡೆದುಹಾಕಿರೋದು. ಹೊಡೆದುಹಾಕಿದ್ದನ್ನ ಯಾಕಮ್ಮ ಓದಿದೆ?"

"ಹೊಡೆದುಹಾಕಿದ್ರೂ ಕಾಣ್ಸುತ್ತೆ ಸಾರ್."

"ನನಗೆ ಫಸ್ಟ್ ಕ್ಲಾಸು ಅಂತ ಇಡೀ ಜಿಲ್ಲೆಗೆ ಗೊತ್ತು. ನಿನ್ನ ಕೆಲಸ ಟೈಪು ಮಾಡೋದು. ಮಾಡು." ಹಾಳೆಯನ್ನು ಕಿತ್ತು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಎರಡು ವಾರದ ನಂತರ ಬಳಗವು ಕೋಲಾರದಲ್ಲಿ 'ರಚನಾತ್ಮಕ ವಿಮರ್ಶೆ: ಒಂದು ದಿನದ ಕಾರ್ಯಾಗಾರ' ಏರ್ಪಡಿಸಿತು. ಯೋಜನೆ ಅಧ್ಯಕ್ಷರದೇ. ಅಭ್ಯಾಸಕ್ಕೆಂದು ಹಂಚಿದ ಹಸ್ತಪ್ರತಿಯೂ ಅಧ್ಯಕ್ಷರದೇ. ಪ್ರಮಾಣಪತ್ರಗಳನ್ನು ಮುದ್ರಿಸಿದ್ದ ಗಂಗಾಲಕ್ಷ್ಮಿ ಅವನ್ನು ಕೊಡಲು ಹೋಗಿ, ಊಟ ಮಾಡಿಕೊಂಡು ಹೋಗಮ್ಮ ಎಂದಿದ್ದಕ್ಕೆ ಹಿಂದಿನ ಸಾಲಿನಲ್ಲಿ ಕುಳಿತಳು. ಅವಳ ಪಕ್ಕ ರಾಮಲಕ್ಷ್ಮಮ್ಮ.

ವೆಂಕಟರಮಣಪ್ಪನವರು ವಿವರಿಸಿದರು: "ವಿಮರ್ಶೆ ಅಂದರೆ ಸ್ಯಾಂಡ್‌ವಿಚ್ ಇದ್ದ ಹಾಗೆ. ಮೊದಲು ಮೆಚ್ಚುಗೆಯ ಬ್ರೆಡ್ಡು, ನಡುವೆ ಸಲಹೆಯ ಪಲ್ಯ, ಮೇಲೆ ಮತ್ತೆ ಮೆಚ್ಚುಗೆಯ ಬ್ರೆಡ್ಡು. ನನ್ನ ಬರಹದ ಮೇಲೆ ದಯೆ ತೋರಿಸಬೇಡಿ. ಕಠೋರವಾಗಿ ಹೇಳಿ."

ಒಬ್ಬೊಬ್ಬರಾಗಿ ಎದ್ದರು. ಬ್ರೆಡ್ಡಿನ ಮೇಲೆ ಬ್ರೆಡ್ಡು ಬಿತ್ತು. ಹನ್ನೊಂದು ಜನರಾದ ಮೇಲೆ ಅಧ್ಯಕ್ಷರೇ, "ಪಲ್ಯ! ಪಲ್ಯವನ್ನೂ ಹೇಳಿ!" ಎಂದು ಕೇಳಿಕೊಳ್ಳಬೇಕಾಯಿತು. ಉಮಾಶಂಕರ್ ಎದ್ದು, ಬಹಳ ಹಿಂಜರಿಯುತ್ತ, "ಒಂದೇ ಕೊರತೆ ಸಾರ್. ಪುಸ್ತಕ ಬೇಗ ಮುಗಿದುಹೋಗುತ್ತೆ" ಎಂದ. ಚಪ್ಪಾಳೆ ಬಿತ್ತು.

ಅಷ್ಟರಲ್ಲಿ ಕದಿರಪ್ಪ ಎದ್ದು ನಿಂತ. ಅವನು ಸಭೆಯಲ್ಲಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಇಡೀ ಪುಸ್ತಕ ಓದಿರೋರು ಇಲ್ಲಿ ಒಬ್ಬರೇ. ಗಂಗಾಲಕ್ಷ್ಮಮ್ಮ. ಅವರು ಹೇಳಲಿ" ಎಂದು ಕುಳಿತುಬಿಟ್ಟ.

ಅರವತ್ತು ತಲೆಗಳು ಹಿಂದಕ್ಕೆ ತಿರುಗಿದವು. ವೆಂಕಟರಮಣಪ್ಪನವರ ಕೈ ತಾನಾಗಿ ಅಂಗಿಯ ಜೇಬಿನ ಮೇಲೆ ಹೋದದ್ದನ್ನು ಗಂಗಾಲಕ್ಷ್ಮಿ ಕಂಡಳು. ಅನಿಸಿದ್ದನ್ನು ಹೇಳಬೇಕಾದರೆ, ಬರೆದವರೊಬ್ಬರಿಗೇ ಹೇಳಬೇಕೆಂಬ ತನ್ನ ಕಟ್ಟಳೆಯನ್ನು ಇಲ್ಲಿ ಮುರಿಯಲೇಬೇಕಿತ್ತು. ಹೃದ್ಯ ಎಂದು ಹೇಳಿ ಊಟಕ್ಕೆ ಹೋಗುವುದೂ ಸಾಧ್ಯವಿತ್ತು. ಚಿತ್ರಾನ್ನದ ವಾಸನೆ ಬರುತ್ತಿತ್ತು.

"ಸಾರ್, ನಿಮ್ಮ ಅಕ್ಷರ ಬಲು ಚೆಂದ, ಟೈಪು ಮಾಡೋಕೆ ಸಲೀಸು" ಎಂದು ಶುರುಮಾಡಿದಳು. "ನನಗೆ ಅರ್ಥ ಆಗದ ಜಾಗ ಒಂದೇ. ಪುಸ್ತಕದಲ್ಲಿ ನೀವು ಎಲ್ಲೂ ಸೋತಿಲ್ಲ, ಎಲ್ಲೂ ಹೆದರಿಲ್ಲ. ಒಂದು ದಿನವಾದ್ರೂ ತಪ್ಪು ಮಾಡಿಲ್ಲ. ನಾನು ದಿನಾ ಮಾಡ್ತೀನಿ. ಅದಕ್ಕೆ ನಾನ್ನೂರು ಪುಟದಲ್ಲಿ ನಿಮ್ಮ ಪಕ್ಕದಲ್ಲಿ ಕೂತ್ಕೊಳ್ಳೋಕೆ ನನಗೆ ಒಂದು ಜಾಗನೂ ಸಿಗಲಿಲ್ಲ. ಅಂಥ ಜಾಗ ಒಂದಿದ್ರೆ ಸೇರಿಸಿ ಸಾರ್, ಅಷ್ಟೇ."

ತಿರುಗಿದ್ದ ತಲೆಗಳು ಈಗ ಅಧ್ಯಕ್ಷರ ಕಡೆ ಹೊರಳಿದವು. ಪಕ್ಕದಲ್ಲಿದ್ದ ರಾಮಲಕ್ಷ್ಮಮ್ಮ, ತಮ್ಮಷ್ಟಕ್ಕೆ ಹೇಳಿಕೊಂಡರೂ ಎಲ್ಲರಿಗೂ ಕೇಳುವಂತೆ, "ಮನೇಲೂ ಹಂಗೇನೇ" ಎಂದರು.

ಯಾರು ಮೊದಲು ನಕ್ಕರೋ ಗೊತ್ತಿಲ್ಲ, ಆಮೇಲೆ ತಡೆಯಲು ಆಗಲಿಲ್ಲ. ಅಧ್ಯಕ್ಷರು ಊಟದ ವಿರಾಮವನ್ನು ಅರ್ಧ ಗಂಟೆ ಮೊದಲೇ ಘೋಷಿಸಿದರು. ಸಂಜೆಯೊಳಗೆ ಹಸ್ತಪ್ರತಿ ಗಂಗಾಲಕ್ಷ್ಮಿಯ ಅಂಗಡಿಯಿಂದ ಕೋಲಾರದ ಒಂದು ಪ್ರೆಸ್ಸಿಗೆ ಹೋಯಿತು. ವಾಟ್ಸಾಪ್ ಗುಂಪಿನಲ್ಲಿ "ವಿಮರ್ಶೆಗೂ ಅರ್ಹತೆ ಬೇಕು" ಎಂದು ಅಧ್ಯಕ್ಷರು ಹಾಕಿದ ಸಂದೇಶಕ್ಕೆ ಐವತ್ತಮೂರು ಹೂಗುಚ್ಛಗಳು ಬಿದ್ದವು. ಹೂಗುಚ್ಛ ಹಾಕಿದವರಲ್ಲಿ ಇಪ್ಪತ್ತು ಜನರ ಹಸ್ತಪ್ರತಿಗಳು ಆ ಹೊತ್ತಿನಲ್ಲಿ ಅವಳ ಮೇಜಿನ ಮೇಲೇ ಇದ್ದವು.

ಸುರೇಶ ಕೇಳಿದ: "ಸುಮ್ನಿದ್ದಿದ್ರೆ ಏನಾಗ್ತಿತ್ತೇ?"

"ಏನೂ ಆಗ್ತಿರಲಿಲ್ಲ. ಅದೇ ಬೇಜಾರು" ಎಂದಳು.

ಫೆಬ್ರವರಿಯಲ್ಲಿ 'ಕಡತದೊಳಗಿನ ಕಮಲ' ಬಿಡುಗಡೆಯಾಯಿತು. ದಪ್ಪ ರಟ್ಟು, ಬಣ್ಣದ ಮುಖಪುಟ. ಮೆಚ್ಚಿ ಪತ್ರ ಬರೆದವರು ಮೂವತ್ತನಾಲ್ಕು ಜನ. ವೆಂಕಟರಮಣಪ್ಪನವರು ಅವನ್ನೆಲ್ಲ ಫೈಲು ಮಾಡಿ, ನಂಬರು ಹಾಕಿ ಇಟ್ಟುಕೊಂಡರು. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ, ತಮ್ಮ ಪುಸ್ತಕವನ್ನು ತಾವೇ ಓದೋಣವೆಂದು ಆರಾಮಕುರ್ಚಿಯಲ್ಲಿ ಕುಳಿತರು. ಏಳನೇ ಅಧ್ಯಾಯ ಮುಗಿಯಿತು. ಮುಂದಿನ ಪುಟದಲ್ಲಿ ಏಳನೇ ಅಧ್ಯಾಯವೇ ಮತ್ತೆ ಶುರುವಾಯಿತು. ಹದಿನಾರು ಪುಟ ಎರಡೆರಡು ಸಲ ಬಿದ್ದಿದ್ದವು. ಎಂಟನೇ ಅಧ್ಯಾಯ ಇರಲೇ ಇಲ್ಲ. ಅಲಮಾರಿಯಲ್ಲಿದ್ದ ಪ್ರತಿಗಳನ್ನೆಲ್ಲ ತೆಗೆದು ನೋಡಿದರು. ಒಂದರಲ್ಲೂ ಇರಲಿಲ್ಲ. ಪತ್ರಗಳ ಫೈಲು ತೆಗೆದರು. ಹತ್ತೊಂಬತ್ತನೇ ನಂಬರಿನಲ್ಲಿ ಉಮಾಶಂಕರ್ ಬರೆದಿದ್ದ: "ಅದರಲ್ಲೂ ಎಂಟನೇ ಅಧ್ಯಾಯ ಕಣ್ಣಲ್ಲಿ ನೀರು ತರಿಸಿತು."

ಅವರು ಗಂಗಾಲಕ್ಷ್ಮಿಯ ಅಂಗಡಿಗೆ ಬಂದದ್ದು ಮಾವಿನ ಸುಗ್ಗಿಯ ಕೊನೆಯಲ್ಲಿ. ಅಂಗಿಯ ಇಸ್ತ್ರಿ ಮಡಿಕೆ ಮುರಿದಿತ್ತು. ಬೆಂಚಿನ ಮೇಲೆ ಕುಳಿತು ಮೊದಲು ನೀರು ಕೇಳಿ ಕುಡಿದರು. ಪುಸ್ತಕದಲ್ಲಿ ಆದ ಎಡವಟ್ಟನ್ನು ಅವರೇ ಹೇಳಿದರು, ಉಮಾಶಂಕರನ ಕಣ್ಣೀರನ್ನೂ ಸೇರಿಸಿ. ಅವಳಿಗೆ ನಗು ಬಂತು, ಅವರ ಮುಖ ನೋಡಿ ತಡೆದುಕೊಂಡಳು. ಆಮೇಲೆ ಅವರು ನಾಲ್ಕು ಮಡಿಕೆಯ ಹಾಳೆಯನ್ನೂ ಅದರ ಜೊತೆ ಹೊಸದಾಗಿ ಬರೆದ ಹಾಳೆಗಳನ್ನೂ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮಪ್ಪನ ತಿಥಿ ಬರ್ತಾ ಇದೆಯಮ್ಮ. ಇದನ್ನ ಸಣ್ಣ ಪುಸ್ತಕ ಮಾಡಿ ಯಲ್ದೂರಿನ ನೆಂಟರಿಗೆ ಹಂಚೋಣ ಅಂತ. ಪೂರ್ತಿ ಬರೆದಿದ್ದೀನಿ. ಹನ್ನೆರಡು ಪುಟ ಆಗಬಹುದು. ನೋಡಿ... ಕಾಗುಣಿತ ನೋಡು."

ಅವಳು ಅವರ ಎದುರಿಗೇ ಓದಿದಳು. ಅವರು ಬೀದಿ ನೋಡುತ್ತ ಕುಳಿತರು.

"ಚೆನ್ನಾಗಿದೆ ಸಾರ್. ದೀಪ ತೋರಿಸೋ ಕಡೆ ನನ್ನ ಕೈ ಮತ್ತೆ ನಿಂತಿತು. ಕೊನೇ ಪುಟ ಅರ್ಥ ಆಗಲಿಲ್ಲ. 'ಇಂದಿನ ಯುವಜನತೆ' ಅಂತ ಶುರುವಾಗುತ್ತಲ್ಲ, ಅವರು ಯಾವಾಗ ಬಂದ್ರು?"

"ಸಂದೇಶ ಬೇಡವೇನಮ್ಮ?"

"ಅಪ್ಪ ದೀಪ ಹಿಡ್ಕೊಂಡು ನಿಂತಿರುವಾಗ ಯುವಜನತೆಯನ್ನ ಎಲ್ಲಿ ಕೂರಿಸೋಣ ಸಾರ್, ಮನೆ ಚಿಕ್ಕದು."

ಅರ್ಧ ಗಂಟೆ ವಾದ ಮಾಡಿದರು. ನಿಯಮ, ಉದ್ದೇಶ, ಸಮಾಜ ಎಲ್ಲವೂ ಬಂತು. ಕೊನೆಗೆ ಅರ್ಧ ಪುಟ ಬಿಟ್ಟುಕೊಟ್ಟರು, ಅರ್ಧ ಪುಟ ಉಳಿಸಿಕೊಂಡರು. ಅದು ಕೂಡ ಹೆಚ್ಚೆಂದು ಅವಳಿಗೆ ಇವತ್ತಿಗೂ ಅನಿಸುತ್ತದೆ.

ತಿಥಿಯಾಗಿ ಒಂದು ವಾರಕ್ಕೆ ಅವರು ಮತ್ತೆ ಬಂದರು. ಕೈಯಲ್ಲಿ ಒಂದು ಪಟ್ಟಿ, ಮುಖದಲ್ಲಿ ಗಂಗಾಲಕ್ಷ್ಮಿ ಎಂದೂ ಕಾಣದ ಗಲಿಬಿಲಿ.

"ಎಲ್ಲರೂ ಓದವ್ರೆ ಕಣಮ್ಮ! ಒಬ್ಬೊಬ್ಬರೂ ಜಗಳಕ್ಕೆ ಬರ್ತಾರೆ. ತೋಪಿನ ಮೂಲೇಲಿದ್ದ ಮರ ರಸಪುರಿ ಅಲ್ಲ, ತೋತಾಪುರಿ ಅಂತೆ. ನಮ್ಮಪ್ಪ ನಡೆದುಹೋಗಲಿಲ್ಲ, ದೊಡ್ಡಪ್ಪನ ಗಾಡೀಲಿ ಹೋದ ಅಂತೆ. ದೊಡ್ಡಪ್ಪನ ಮಗ ಫೋನು ಮಾಡಿ ಬೈದ, ನಮ್ಮ ಗಾಡಿ ಹೆಸರು ಯಾಕೆ ಹಾಕಲಿಲ್ಲ ಅಂತ. 'ಎರಡು ಸಲ ಫೇಲಾದೋನು ನಮಗೆ ಇಷ್ಟು ವರ್ಷ ಬುದ್ಧಿ ಹೇಳಿದ್ಯಲ್ಲೋ' ಅಂತ ಚಿಕ್ಕಪ್ಪನ ಮಗ ಊಟದ ಪಂಕ್ತೀಲೇ ಕೇಳಿದ. ಒಬ್ಬನಾದ್ರೂ ಹೃದ್ಯ ಅನ್ನಲಿಲ್ಲ."

ಒಟ್ಟು ಹನ್ನೊಂದು ತಿದ್ದುಪಡಿಗಳಿದ್ದವು. ಅವರು ಒಂದೊಂದನ್ನೇ ಓದಿ ಹೇಳಿದರು, ಅವಳು ಟೈಪು ಮಾಡಿದಳು. ಹತ್ತು ಆಯಿತು. ಹನ್ನೊಂದನೆಯದಕ್ಕೆ ಅವರು ಪಟ್ಟಿಯನ್ನು ಮಡಿಸಿ ಪಕ್ಕಕ್ಕಿಟ್ಟರು.

ಅವರ ಸೋದರತ್ತೆ ಅಕ್ಕಯಮ್ಮನಿಗೆ ಈಗ ತೊಂಬತ್ತರ ಹತ್ತಿರ. ಓದು ಬರುವುದಿಲ್ಲ. ಮೊಮ್ಮಗಳು ಚಂದನ ಪುಸ್ತಕವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದ್ದಾಳೆ. ಕೇಳಿ ಮುಗಿಸಿದ ಮುದುಕಿ ವೆಂಕಟರಮಣಪ್ಪನವರನ್ನು ಹತ್ತಿರ ಕರೆದು ತೆಲುಗಿನಲ್ಲಿ ಹೇಳಿದ್ದು ಇಷ್ಟು: "ಮೀ ನಾಯನಕಿ ತೆಲುಸುರಾ." ನಿಮ್ಮಪ್ಪನಿಗೆ ಗೊತ್ತಿತ್ತು ಕಣೋ. ಕಾಗದವನ್ನು ಮೇಷ್ಟರಿಗೆ ತೋರಿಸಿ ಕೇಳಿಕೊಂಡೇ ಬಂದಿದ್ದ. ನೀನು ಅದನ್ನು ವಾಡೆಯಲ್ಲಿ ಬಚ್ಚಿಟ್ಟು ಎರಡು ದಿನ ಬಾವಿಯ ಕಡೆಯೇ ಸುಳಿದಾಡುತ್ತಿದ್ದೆ. ಅವನಿಗೆ ಭಯವಾಯಿತು. ಬಚ್ಚಿಡುವಂಥದ್ದಲ್ಲ ಎಂದು ನಿನಗೆ ತಿಳಿಯಲಿ ಅಂತ ಕಟ್ಟು ಹಾಕಿಸಿ ನೇತುಹಾಕಿದ. ನಮ್ಮ ಮನೆಗೆ ಬಂದುಹೋಗುವವರಲ್ಲಿ ಓದು ಬರುವವರು ಯಾರಿದ್ದರು? ಬಾರದವರಿಗೆ ಅದು ಪಾಸೇ.

ವೆಂಕಟರಮಣಪ್ಪನವರು ಹೇಳಿ ಮುಗಿಸಿ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಐವತ್ತು ವರ್ಷ ತಾವು ಅಪ್ಪನಿಗೆ ಮೋಸ ಮಾಡಿದೆವೆಂದುಕೊಂಡು ಬದುಕಿದ್ದವರು. ಪಕ್ಕದ ಗೊಬ್ಬರದ ಅಂಗಡಿಯಲ್ಲಿ ಮೂಟೆ ಇಳಿಸುತ್ತಿದ್ದರು. ಯಾರೋ ಜೆರಾಕ್ಸಿಗೆ ಬಂದರು, ಗಂಗಾಲಕ್ಷ್ಮಿ ಆಮೇಲೆ ಬರುವಂತೆ ಕೈಸನ್ನೆ ಮಾಡಿದಳು.

"ಇದನ್ನ ಹೇಗಮ್ಮ ಬರೀಲಿ?" ಎಂದರು. "ಹೇಳು. ಕಾಗುಣಿತ ಅಲ್ಲ, ಹೇಗೆ ಬರೀಬೇಕು ಅಂತ ಹೇಳು."

ಬಳಗದ ಅಧ್ಯಕ್ಷರೊಬ್ಬರು ಬಾಯಿಬಿಟ್ಟು ಸಲಹೆ ಕೇಳಿದ್ದು ಅದೇ ಮೊದಲು. ಗಂಗಾಲಕ್ಷ್ಮಿ ಯೋಚಿಸಿದಳು.

"ಅಕ್ಕಯಮ್ಮ ಹೇಳಿದ ಹಂಗೇ ಹೇಳಿ ಸಾರ್. ತೆಲುಗಲ್ಲೇ ಹೇಳಿ, ನನಗೆ ಬರುತ್ತೆ. ನಿಧಾನವಾಗಿ."

ಅವರು ಶುರುಮಾಡಿದರು. ಎರಡನೇ ವಾಕ್ಯಕ್ಕೆ ಒಂದು ವಿಶೇಷಣ ಸೇರಿಸಿದರು. ಅವಳು ಟೈಪು ನಿಲ್ಲಿಸಿ ಅವರ ಮುಖ ನೋಡಿದಳು.

"ಅದು ಅವರು ಹೇಳಿದ್ದಲ್ಲ" ಎಂದು ಒಪ್ಪಿಕೊಂಡರು ವೆಂಕಟರಮಣಪ್ಪ. "ಸರಿ, ತೆಗಿ."